ಗೀಸರ್ ಕೊಳವೆಯ ಟೋಪಿ

ಸರಸ್ವತಿ ಟೀಚರ್ ಅಂದು ಬಚ್ಚಲಲ್ಲಿ ಕುಸಿದು ಬಿದ್ದದ್ದು ವಯಸ್ಸಿನಿಂದಲ್ಲ, ನನ್ನಿಂದ. ಇದನ್ನು ಏಳು ವರ್ಷ ಯಾರಿಗೂ ಹೇಳಲಿಲ್ಲ — ನನ್ನ ಗಂಡನಿಗೂ.

ಆಗ ನಾನು ತಿರುವನಂತಪುರದ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಗಂಡನ ಕೆಲಸ ಕೊಚ್ಚಿಯಲ್ಲಿ. ಶನಿವಾರ ಬಂದು ಸೋಮವಾರ ಮೊದಲ ರೈಲಿಗೆ ಹೊರಡುವವರು. ಪಟ್ಟಂ ಬಡಾವಣೆಯಲ್ಲಿ ಟೀಚರ್ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅವರ ಮಗಳು ಲತಾ ಮದುವೆಯಾಗಿ ದುಬೈ ಸೇರಿದ್ದಳು. ನನಗೋ ತವರು ಮೈಸೂರಿನಲ್ಲಿ ತಾಯಿ ಇರಲಿಲ್ಲ. ಮಗಳು ನಿಧಿ ಹುಟ್ಟಿದಾಗ ಬಾಣಂತನ ಮಾಡಿದ್ದು ಟೀಚರ್. ಎಣ್ಣೆ ತೀಡಿ, ಕಾಲ ಮೇಲೆ ಮಲಗಿಸಿಕೊಂಡು, ಏನೋ ಗುನುಗುತ್ತ ನೀರು ಹಾಕುತ್ತಿದ್ದರು. ನನ್ನ ಕನ್ನಡಕ್ಕೆ ನಿಲ್ಲದ ಅಳು ಅವರ ಮಲಯಾಳಂಗೆ ನಿಲ್ಲುತ್ತಿತ್ತು. ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತಿತ್ತು, ಸಮಾಧಾನವೇ ಹೆಚ್ಚು.

ಮಗುವಿನ ಬಿಸಿನೀರಿಗೆಂದೇ ನಮ್ಮ ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸಿದರು. ಅದರ ಹೊಗೆ ಒಂದು ಕೊಳವೆಯಲ್ಲಿ ತಾರಸಿಗೆ ಹೋಗುತ್ತಿತ್ತು. ಕೊಳವೆಯ ತುದಿಗೆ, ಮಳೆ ಒಳಗೆ ಇಳಿಯದಂತೆ, ತಗಡಿನ ಟೋಪಿ.

ಮಳೆಗಾಲ ಶುರುವಾದ ಮೇಲೆ ಆ ಟೋಪಿ ಸಡಿಲವಾಯಿತು. ಗಾಳಿ ಬೀಸಿದಾಗಲೆಲ್ಲ ಲಟಪಟ ಬಡಿದು ಮಗು ಬೆಚ್ಚಿ ಏಳುತ್ತಿತ್ತು. "ಬೇರೆ ಹಾಕಿಸಿಬಿಡು ಮೋಳೆ," ಎಂದರು ಟೀಚರ್. ಮೋಳೆ, ಅಂದರೆ ಮಗಳೇ. ಹೂಂ ಎಂದೆ. ಫಿಟ್ಟರನ್ನು ಕರೆಯುವುದು ನಾಳೆ, ನಾಡಿದ್ದು ಎಂದು ಮುಂದಕ್ಕೆ ಹೋಯಿತು. ಒಂದು ಮಧ್ಯಾಹ್ನ ನಾನೇ ತಾರಸಿ ಹತ್ತಿ ಟೋಪಿಯನ್ನು ಕಿತ್ತುಬಿಟ್ಟೆ. ನೀರು ಸೋರಬಾರದಲ್ಲ — ಹಾಲಿನ ಪುಡಿಯ ಖಾಲಿ ಡಬ್ಬಿಯನ್ನು ಕೊಳವೆಯ ಬಾಯಿಗೆ ಬೋರಲು ಹಾಕಿ ತಂತಿಯಿಂದ ಬಿಗಿದೆ. ಹೊಗೆ ಎಲ್ಲಿ ಹೋಗಬೇಕು ಎಂಬುದು ಹೊಳೆಯಲಿಲ್ಲವೆ? ಹೊಳೆದಿತ್ತು. ಎರಡು ದಿನ ತಾನೆ, ಅಂದುಕೊಂಡೆ.

ಸಂಜೆ ಟೀಚರ್ ಕೇಳಿದರು: "ತೊಪ್ಪಿ ಮಾಟ್ಟಿಯೋ ಮೋಳೆ?" ಬದಲಾಯಿಸಿದೆಯಾ ಎಂದು.

"ಮಾಟ್ಟಿ ಟೀಚರ್."

ಆ ಮಾತಿಗೆ 'ತೆಗೆದೆ' ಎಂಬ ಅರ್ಥವೂ ಇದೆ. ಆ ಅರ್ಥದ ಹಿಂದೆ ಅಡಗಿಕೊಂಡೆ.

ಮೂರನೆಯ ಬೆಳಿಗ್ಗೆ, ಮಗುವಿಗೆ ಶೀತವೆಂದು ಕಿಟಕಿ ಬಾಗಿಲು ಮುಚ್ಚಿಕೊಂಡು ನೀರು ಹಾಕುತ್ತಿದ್ದರು. ನಾನು ಟವೆಲ್ ಹಿಡಿದು ಹೊರಗೆ ನಿಂತಿದ್ದೆ. ಗುನುಗು ನಿಂತಿತು. ಬಾಗಿಲು ತಳ್ಳಿದರೆ — ಟೀಚರ್ ಗೋಡೆಗೆ ಒರಗಿ ಕುಸಿದಿದ್ದರು, ಪ್ರಜ್ಞೆಯಿಲ್ಲ. ಮಗುವನ್ನು ಮಾತ್ರ ಎದೆಗೆ ಅವುಚಿಕೊಂಡೇ ಇದ್ದರು. ಆ ತೋಳುಗಳಿಂದ ಬಿಡಿಸಿಕೊಳ್ಳಲು ನಾನು ಬಲ ಹಾಕಬೇಕಾಯಿತು.

ಇಬ್ಬರೂ ಉಳಿದರು. ಆಸ್ಪತ್ರೆಯಲ್ಲಿ ಡಾಕ್ಟರು ಸರಿಯಾದ ಪ್ರಶ್ನೆಯನ್ನೇ ಕೇಳಿದರು: "ಗ್ಯಾಸ್ ಗೀಸರಾ? ಹೊಗೆ ಹೊರಗೆ ಹೋಗುತ್ತಾ?"

"ಹೋಗುತ್ತೆ. ಇವಳು ಮೊನ್ನೆಯಷ್ಟೇ ಹೊಸ ಟೋಪಿ ಹಾಕಿಸಿದ್ದಾಳೆ," ಎಂದರು ಟೀಚರ್, ನನ್ನತ್ತ ನೋಡಿ.

ನಾನು ಹೌದೆಂದು ತಲೆಯಾಡಿಸಿದೆ.

ಹಾಗಾದರೆ ವಯಸ್ಸು, ರಕ್ತದೊತ್ತಡ ಎಂದರು ಡಾಕ್ಟರು. ಆ ಸಂಜೆಯೇ ಫಿಟ್ಟರನ್ನು ಕರೆಸಿದೆ. ಅವನು ಬರುವ ಮೊದಲೇ ಡಬ್ಬಿಯನ್ನು ಕಿತ್ತು ಎಸೆದಿದ್ದೆ.

ಮಗು ಕೈಯಿಂದ ಜಾರುತ್ತಿರುವುದಷ್ಟೇ ಟೀಚರಿಗೆ ನೆನಪಿತ್ತು. "ಈ ಕೈಗಳನ್ನ ಇನ್ನು ನಂಬಬೇಡ ಮೋಳೆ," ಎಂದರು. ನಿಧಿ ಅಳುತ್ತ ತೋಳು ಚಾಚಿದರೂ ಮತ್ತೆ ಎತ್ತಿಕೊಳ್ಳಲಿಲ್ಲ. ನೀವು ಬಿಟ್ಟಿರಲಿಲ್ಲ ಟೀಚರ್ — ಅಷ್ಟನ್ನಾದರೂ ಹೇಳಬಹುದಿತ್ತು. ಅದರ ಹಿಂದೆಯೇ ಮಿಕ್ಕದ್ದೂ ಬಾಯಿಗೆ ಬಂದೀತೆಂದು...

ಮರುವರ್ಷ ನನಗೆ ಕೊಚ್ಚಿಗೆ ವರ್ಗವಾಯಿತು; ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿದೆವು. ಅದೇ ವರ್ಷ ಲತಾ ಬಾಣಂತನಕ್ಕೆ ತಾಯಿಯನ್ನು ಕರೆದಳು. ಟೀಚರ್ ಹೋಗಲಿಲ್ಲ. ಮೊಮ್ಮಗನನ್ನು ಕರೆತಂದಾಗಲೂ ದೂರವೇ ಕೂತರು. ಅಮ್ಮನಿಗೆ ನಾವು ಬೇಡವಾದೆವು ಎಂದು ಲತಾ ಅತ್ತಳಂತೆ. ಫೋನಿನಲ್ಲಿ ಟೀಚರೇ ಇದನ್ನು ಹೇಳಿದರು. ನಾನು ಸಮಾಧಾನದ ಮಾತಾಡಿದೆ. ನಾನು!

ಕಳೆದ ತಿಂಗಳು ಒಬ್ಬಳೇ ಹೊರಟು ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದೆ. ಪಟ್ಟಂಗೆ ಆಟೋ ಹಿಡಿದೆ. ಟೀಚರ್ ಕುರ್ಚಿ ಎಳೆದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ.

ಟೀಚರ್ ತಮ್ಮ ಕೈಗಳನ್ನು ನೋಡಿಕೊಂಡರು. "ಹಾಗಾದರೆ ಮಗುವನ್ನ ನಾನು ಬಿಡಲಿಲ್ಲವಾ?"

"ಇಲ್ಲ ಟೀಚರ್. ಬಿಡಿಸಿಕೊಳ್ಳೋಕೆ ನಾನೇ ಬಲ ಹಾಕಬೇಕಾಯ್ತು."

ಅವರು ಬೈಯಲಿಲ್ಲ. ಕಣ್ಣೊರೆಸಿಕೊಂಡು ದುಬೈ ನಂಬರು ಒತ್ತಿ ಫೋನನ್ನು ನನ್ನ ಕೈಗಿಟ್ಟರು. "ಲತಾಗೆ ನೀನೇ ಹೇಳಬೇಕು."

ಹೇಳಿದೆ. ಲತಾ ಕೊನೆಯವರೆಗೂ ಕೇಳಿಸಿಕೊಂಡಳು. "ನನ್ನ ಮಗನಿಗೀಗ ಆರು ವರ್ಷ," ಎಂದಳು. "ಅಮ್ಮ ಅವನನ್ನ ಒಂದು ಸಲವೂ ಎತ್ತಿಕೊಂಡಿಲ್ಲ." ಫೋನ್ ಇಟ್ಟಳು.

ಟೀಚರ್ ನನ್ನನ್ನು ಉಣ್ಣದೆ ಕಳಿಸಲಿಲ್ಲ. ಲತಾಳ ಹತ್ತಿರ ಕ್ಷಮೆ ಕೇಳಲು ನಾನು ಮತ್ತೆ ಫೋನ್ ಮಾಡಿಲ್ಲ. ಆ ಆರು ವರ್ಷಕ್ಕೆ ಯಾವ ಮಾತು ಸಾಕಾದೀತು? ಗಂಡನಿಗೆ ಹೇಳಿದ್ದೇನೆ. ಇನ್ನು ನಿಧಿಗೆ ಹೇಳಬೇಕು. ಅಂದು ತನ್ನನ್ನು ಬಿಡದೆ ಹಿಡಿದವರು ಯಾರು ಎಂಬುದು ಅವಳಿಗೆ ಗೊತ್ತಿರಬೇಕು. ಕೊಳವೆ ಮುಚ್ಚಿದವಳು ಯಾರು ಎಂಬುದೂ.