ಕಾಗೆ ಎಣಿಸುವ ಹುಡುಗಿ

ಇಲ್ಲಿ ಗಲ್ಫಿನಲ್ಲಿ, ಕರಾಮದ ನಮ್ಮ ಕಟ್ಟಡದಲ್ಲಿ ಮಕ್ಕಳು ಓದುವುದೆಂದರೆ ಇಂಜಿನಿಯರಿಂಗ್, ಇಲ್ಲವೇ ಅಕೌಂಟ್ಸ್. ಪಕ್ಕದ ಫ್ಲ್ಯಾಟಿನ ಅಶ್ಮಿತಾ ಮಾತ್ರ ಅಬುಧಾಬಿಯ ಯೂನಿವರ್ಸಿಟಿಯಲ್ಲಿ ವನ್ಯಜೀವಿ ಸಂರಕ್ಷಣೆ ಓದುತ್ತೇನೆಂದು ಹಟ ಹಿಡಿದಳು. ಮರಳುಗಾಡಿನಲ್ಲಿ ಎಂತ ವನ್ಯಜೀವಿ ಎಂದು ಅವಳಪ್ಪ ಪುರಂದರಣ್ಣ ನಕ್ಕರು. ಅವಳು ಸೇರಿಯೇಬಿಟ್ಟಾಗ ಅವರ ನಗು ನಿಂತಿತು. ನೈಫ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿದು ಫೀಸೇನೋ ಕಟ್ಟಿದರು, ಮಗಳೊಡನೆ ಮಾತು ಬಿಟ್ಟರು. ಊಟಕ್ಕೆ ಕರೆಯುವುದೂ ಹೆಂಡತಿ ರಾಜೀವಿಯ ಮೂಲಕ. ಗಂಡಸರ ಈ ಬಗೆಯ ಮೌನ ಕಂಡರೆ ನನಗೆ ಮೈ ಉರಿಯುತ್ತದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಹುಡುಗಿ ಆರಿಸಿಕೊಂಡದ್ದು ಕಾಗೆಯನ್ನು. ನಮ್ಮ ಕಡೆಯ ಕಾಗೆಗಳು ಹಡಗು ಹತ್ತಿ ಬಂದು ಇಲ್ಲಿ ಬೀಡುಬಿಟ್ಟಿವೆ, ಇಲ್ಲಿಯ ಹಕ್ಕಿಗಳ ಮೊಟ್ಟೆ ಮರಿಗಳನ್ನು ತಿನ್ನುತ್ತಿವೆ, ಇವನ್ನು ಕಡಿಮೆ ಮಾಡದೆ ಅವು ಉಳಿಯುವುದಿಲ್ಲ ಎಂದು ನನಗೆ ಪಾಠ ಮಾಡಿದಳು. ಹೊರಗಿನಿಂದ ಬಂದವರು ನಾವೂ ಅಲ್ಲವೇ ಎಂದು ಛೇಡಿಸಿದೆ. ಅವಳಿಗೆ ನಗು ಬರಲಿಲ್ಲ. ಮನೆಗೆ ಬಂದ ದಿನಗಳಲ್ಲಿ ಸಂಜೆಯಾದರೆ ಇಲ್ಲಿಯ ಪಾರ್ಕುಗಳಲ್ಲಿ ನಿಂತು, ಕಾಗೆಗಳು ಯಾವ ಮರದಲ್ಲಿ ಕೂರುತ್ತವೆಂದು ಗುರುತು ಹಾಕಿ ನಕ್ಷೆ ಮಾಡಿದಳು. ಆ ನಕ್ಷೆ ಹಿಡಿದುಕೊಂಡು ಮುನ್ಸಿಪಾಲಿಟಿಯ ಗುತ್ತಿಗೆಯವರು ಬಂದರು, ಬೋನು ಇಟ್ಟರು, ಗೂಡು ಕಿತ್ತರು. ನಮ್ಮ ಬೀದಿಯಲ್ಲಿ ಕಾಗೆಯ ಕೂಗೇ ಇಲ್ಲವಾಯಿತು. ಅವಳ ಮೇಷ್ಟ್ರು ಬೆನ್ನು ತಟ್ಟಿದರು.

ಅದಾಗಿ ಸ್ವಲ್ಪ ಸಮಯಕ್ಕೆ ಪುರಂದರಣ್ಣ ಎದೆನೋವೆಂದು ಅಂಗಡಿಯಲ್ಲೇ ಕುಸಿದರು. ಅಬುಧಾಬಿಯಿಂದ ಮಗಳು ಓಡಿ ಬರುವಷ್ಟರಲ್ಲಿ ಜೀವ ಹೋಗಿತ್ತು. ಬಿಟ್ಟ ಮಾತು ಬಿಟ್ಟ ಹಾಗೆಯೇ ಉಳಿಯಿತು.

ಊರಿನಲ್ಲಿ ಅವರ ತಮ್ಮಂದಿರು ಬೊಜ್ಜದ ಉತ್ತರಕ್ರಿಯೆ ಮಾಡುವ ದಿನವೇ ತಾನೂ ಇಲ್ಲಿ ಕಾಗೆಗೆ ಎಲೆ ಇಡುತ್ತೇನೆ ಎಂದಳು ರಾಜೀವಿ. ಆಯುಷ್ಯವೆಲ್ಲ ಇಲ್ಲಿ ಕಳೆದವರು ಉಣ್ಣಲು ಅಲ್ಲಿಗೆ ಹೋಗುತ್ತಾರೆಯೇ ಎಂಬುದು ಅವಳ ವಾದ. ನಾನು ಇಗರ್ಜಿಗೆ ಹೋಗುವವಳಾದರೂ ಮಂಗಳೂರಿನವಳು, ನನಗೆ ಇದೆಲ್ಲ ಗೊತ್ತು. ಸತ್ತವರು ಕಾಗೆಯಾಗಿ ಬಂದು ಅನ್ನ ಮುಟ್ಟಬೇಕು. ಮುಟ್ಟದಿದ್ದರೆ ಅವರಿಗೆ ಕೊರಗೋ ಕೋಪವೋ ಉಳಿದಿದೆ ಎಂದು ಅರ್ಥ.

ಟೆರೇಸಿಗೆ ಹೋಗುವಾಗ ಅಶ್ಮಿತಾ ಲಿಫ್ಟಿನ ಬಳಿ ನನ್ನನ್ನು ತಡೆದಳು.

“ಬೆಟ್ಟಿ ಆಂಟಿ, ಒಂದು ಕಾಗೆಯೂ ಬರ್ಲಿಕ್ಕಿಲ್ಲ. ದೇ ಆರ್ ಆಲ್ ಗಾನ್.”

ಅಮ್ಮನಿಗೆ ಹೇಳಿಬಿಡು ಎಂದೆ. ತನ್ನಿಂದಾಗದು ಎಂದಳು.

ರಾಜೀವಿ ಬಾಳೆಲೆಯಲ್ಲಿ ಅನ್ನ, ಗಂಡನಿಗೆ ಇಷ್ಟವಾದ ಹೆಸರುಕಾಳಿನ ಗಸಿ ಬಡಿಸಿ ಟೆರೇಸಿನ ಕಟ್ಟೆಯ ಮೇಲಿಟ್ಟಳು. ಚಪ್ಪಾಳೆ ತಟ್ಟಿ ಕಾ ಕಾ ಎಂದು ಕರೆದಳು. ಮೈನಾಗಳು ಬಂದವು, ಓಡಿಸಿದಳು. ಬಿಸಿಲಿಗೆ ಎಲೆಯ ಅಂಚು ಮುರುಟತೊಡಗಿತು. ವಾಚ್‌ಮನ್ ಬಾಗಿಲಲ್ಲಿ ಕೀಲಿ ಕುಲುಕಿಸುತ್ತ ಯಲ್ಲಾ ಯಲ್ಲಾ ಎಂದು ಅವಸರಪಡಿಸಿದ. ನಾನು ಕಣ್ಣು ಬಿಟ್ಟು ನೋಡಿದ್ದಕ್ಕೆ ಸುಮ್ಮನಾದ.

ಬಾರದ ಕಾಗೆಗೆ ರಾಜೀವಿ ಮಾತು ಕೊಡತೊಡಗಿದಳು. ಬೂದಿಯನ್ನು ಊರಿನ ಕಡಲಿಗೇ ಬಿಡುತ್ತೇನೆ ಎಂದಳು. ಗಂಡನ ತಮ್ಮಂದಿರ ಜೊತೆಗಿನ ಜಗಳ ಮರೆಯುತ್ತೇನೆ ಎಂದಳು. ಆಕಾಶ ಖಾಲಿಯೇ ಇತ್ತು. ಆಗ ಅವಳು ಮಗಳ ಕಡೆ ತಿರುಗಿ ನೋಡಿ, ಚೊಂಬಿನಿಂದ ಅಂಗೈಗೆ ನೀರು ಸುರಿದುಕೊಂಡಳು.

“ಇವಳ ಓದು ಇಲ್ಲಿಗೇ ನಿಲ್ಲಿಸ್ತೇನೆ, ಆಯ್ತಾ? ನಿಮ್ಗೆ ಕೋಪ ಅದಕ್ಕೇ ಅಲ್ವಾ?”

ಆ ನೀರು ನೆಲಕ್ಕೆ ಬಿದ್ದರೆ ಮುಗಿಯಿತು, ಸತ್ತವರಿಗೆ ಕೊಟ್ಟ ಮಾತನ್ನು ತಪ್ಪುವವಳಲ್ಲ ರಾಜೀವಿ. ಹುಡುಗಿ ಬಾಯಿ ಬಿಡದಿದ್ದರೆ ಓದು ಹೋಯಿತು, ಬಿಟ್ಟರೆ ಅಪ್ಪನ ಎಲೆಗೆ ಕಾಗೆ ಇಲ್ಲದಂತೆ ಮಾಡಿದ್ದು ಯಾರೆಂದು ತಾಯಿಗೆ ತಿಳಿಯುತ್ತದೆ. ಹೇಳೇ ಮಾರಾಯ್ತಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ತಾಯಿಯ ಕೈ ಓರೆಯಾಗುತ್ತಿತ್ತು. ಅಶ್ಮಿತಾ ಧಾವಿಸಿ ಅದರಡಿಗೆ ತನ್ನ ಅಂಗೈ ಒಡ್ಡಿದಳು. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಅಂದು ತುಳುವಿನಲ್ಲಿ ಮಾತಾಡಿದಳು.

“ಅಪ್ಪನಿಗೆ ಕೋಪ ಅಲ್ಲ ಅಮ್ಮ. ಇಲ್ಲಿ ಕಾಗೆಗಳೇ ಇಲ್ಲ. ಹಿಡಿದುಕೊಂಡು ಹೋದ್ರು. ಎಲ್ಲಿ ಉಂಟು ಅಂತ ತೋರಿಸಿ ಕೊಟ್ಟದ್ದು ನಾನೇ.”

ಹೊಡೆಯುತ್ತಾಳೆ ಎಂದುಕೊಂಡೆ. ರಾಜೀವಿ ಮಗಳ ಮುಖವನ್ನೇ ದಿಟ್ಟಿಸುತ್ತ ನಿಂತಳು.

“ಹಾಗಾದ್ರೆ ಅವ್ರು ಹೋದದ್ದು ಕೋಪದಲ್ಲಿ ಅಲ್ಲ, ಅಲ್ವಾ?”

ಅಷ್ಟು ಕೇಳಿ ನೆಲದ ಮೇಲೆಯೇ ಕುಳಿತು ಅತ್ತಳು. ಸಾವಿನ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಎಲೆ ತೆಗೆಯೋಣವೆಂದು ಏಳುವಾಗ ಡಿಶ್ ಆಂಟೆನಾದ ಮೇಲೆ ಕಪ್ಪಗೆ ಏನೋ ಕೂತಿತ್ತು. ಎಲ್ಲಿ ತಪ್ಪಿಸಿಕೊಂಡು ಉಳಿದಿತ್ತೋ, ಒಂದು ಕಾಗೆ. ಕೊರಳು ಓರೆ ಮಾಡಿ ನಮ್ಮನ್ನು ನೋಡಿತು, ಕಟ್ಟೆಗಿಳಿಯಿತು, ಗಸಿಗೆ ಕೊಕ್ಕು ಹಾಕಿತು. ಅಶ್ಮಿತಾಳ ಕೈ ತಾನಾಗಿ ಫೋನಿಗೆ ಹೋಯಿತು. ಉಳಿದ ಕಾಗೆ ಕಂಡರೆ ಗುರುತು ಹಾಕಿ ಗುತ್ತಿಗೆಯವರಿಗೆ ಕಳಿಸಬೇಕಾದ್ದು ಅವಳ ಕೆಲಸ. ರಾಜೀವಿ ಅದನ್ನು ಕಂಡಳು.

“ಇದನ್ನೂ ಎಣಿಸ್ಬೇಕಾ?”

“ಎಣಿಸ್ಬೇಕು ಅಮ್ಮ,” ಎಂದಳು ಹುಡುಗಿ.

ರಾಜೀವಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಊಟ ಮುಗಿಸ್ಲಿ. ಮತ್ತೆ ಎಣಿಸು.”