ತಡವಾಗಿ ಬಂದವರ ಪಾಲು

ಪತ್ರ ಒಯ್ಯಲು ಜೋಸಿಮನನ್ನು ಆರಿಸಿದ್ದು ಅವನ ಕಾಲು ನೋಡಿ, ತಲೆ ನೋಡಿ ಅಲ್ಲ. ಹಾಗೆಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಎಫೆಸ ಪಟ್ಟಣದಲ್ಲಿ ಬಣ್ಣದ ತೊಟ್ಟಿಗಿಳಿದು ಉಣ್ಣೆ ತುಳಿಯುವ ಕೂಲಿ ಅವನದು. ರಾಜರುಡುವ ನೇರಳೆ ಮೊಣಕಾಲಿನವರೆಗೂ ಹತ್ತಿತ್ತು. ಅಷ್ಟರಮಟ್ಟಿಗೆ ತಾನೂ ರಾಜನೇ ಎನ್ನುತ್ತಿದ್ದ.

ಕ್ರಿಸ್ತನ ಸಭೆಯಲ್ಲಿ ಪತ್ರ ಒಯ್ದವನೇ ಅದನ್ನು ಓದಿ, ಕೇಳಿದವರಿಗೆ ಅರ್ಥವನ್ನೂ ಬಿಡಿಸಬೇಕು. ಅದಕ್ಕೇ ಎಫೆಸದ ಸಭೆಯ ಹಿರಿಯರು ಮಿಲೇತದ ಸಭೆಗೆ ಪತ್ರ ಬರೆಸುವಾಗ ಅವನಿಗೆ ಸಾಲು ಸಾಲನ್ನೂ ವಿವರಿಸಿದ್ದರು. ದಿನವಿಡೀ ತುಳಿದು ದಣಿದಿದ್ದ ಜೋಸಿಮ ಎಲ್ಲದಕ್ಕೂ ತಲೆಯಾಡಿಸಿದ. ಅದು ತೂಕಡಿಕೆಯೆಂದು ಹಿರಿಯರಿಗೆ ತಿಳಿಯಲಿಲ್ಲ.

ಮಿಲೇತದಲ್ಲಿ ಸಭೆ ಕೂಡುವುದು ಎಣ್ಣೆ ವ್ಯಾಪಾರಿ ಗ್ಲೈಕೋನನ ಮನೆಯಲ್ಲಿ. ದೂರದಿಂದ ನಡೆದು ಬಂದವನೆಂದು ಜೋಸಿಮನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ ಮೀನು, ರೊಟ್ಟಿ, ದ್ರಾಕ್ಷಾರಸ ಬಡಿಸಿದರು. ಅವನೂ ಸಂಕೋಚಪಡಲಿಲ್ಲ. ಊಟವಾದ ಮೇಲೆ ಪತ್ರ ಓದಿದ. "ಕೊನೆಗೆ ಬರುವವರ ಪಾಲನ್ನು ಮುಟ್ಟಬೇಡಿ" ಎಂಬಲ್ಲಿ ಗ್ಲೈಕೋನ ತಡೆದ.

"ಯಾರಪ್ಪಾ ಈ ಕೊನೆಗೆ ಬರೋರು?"

ಜೋಸಿಮನಿಗೆ ತಿಳಿಯದು. ಆದರೆ ಹೊಟ್ಟೆಯಲ್ಲಿ ಗ್ಲೈಕೋನನ ಮೀನಿತ್ತು. "ಮುಂದೆಂದೋ ನಂಬಿಕೆಗೆ ಬರೋ ಜನ, ಯಜಮಾನ್ರೇ. ಅವರ ಪಾಲು ಪರಲೋಕದಲ್ಲಿದೆ."

ಗ್ಲೈಕೋನನಿಗೆ ಬಹಳ ಹಿಡಿಸಿತು. ಪತ್ರದ ಪ್ರತಿ ತೆಗೆಯುತ್ತಿದ್ದ ಲಿಪಿಕಾರನಿಗೆ ಆ ಅರ್ಥವನ್ನೂ ಪಕ್ಕದಲ್ಲೇ ಬರೆಯಹೇಳಿದ.

ಅಷ್ಟರಲ್ಲಿ ಊರ ಸ್ನಾನಗೃಹದ ದಾಸಿ ಮೆಲಿಟೆ ಏದುಸಿರು ಬಿಡುತ್ತ ಬಂದಳು. ಖಾಲಿ ತಟ್ಟೆಗಳನ್ನು ನೋಡಿದಳು. ಅದು ಅವಳಿಗೆ ಹೊಸತಲ್ಲ. ಜೋಸಿಮನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಒಡೆಯರ ಕೆಲಸ ಮುಗಿಸಿ ಬರೋ ನಮಗೆ ಇಲ್ಲಿ ಏನೂ ಉಳಿಯಲ್ಲ ಅಂತ ಹಿರಿಯರಿಗೆ ನಾನೇ ಹೇಳಿ ಕಳ್ಸಿದ್ದೆ. ಏನಾದ್ರೂ ಬರ್ದಿದ್ದಾರಾ, ತಮ್ಮಾ?"

ಮೀನಿನ ಮುಳ್ಳು ಇದ್ದದ್ದು ಜೋಸಿಮನ ತಟ್ಟೆಯಲ್ಲಿ. ಚುಚ್ಚಿದ್ದು ಮಾತ್ರ ಗಂಟಲಲ್ಲಿ. ಅವಳ ಪಾಲು ತಿಂದದ್ದಲ್ಲದೆ ಅವಳ ಮಾತನ್ನೂ ಪರಲೋಕಕ್ಕೆ ಅಟ್ಟಿಬಿಟ್ಟಿದ್ದ. ಎದ್ದು ನಿಂತ.

"ಹಿರಿಯರು ಅರ್ಥ ಹೇಳುವಾಗ ನಾನು ನಿದ್ದೆ ಮಾಡ್ತಿದ್ದೆ. ಆಗಲೇ ನಿಮಗೆ ಹೇಳಿದ್ದು ಬಾಯಿಗೆ ಬಂದದ್ದು. ಕೊನೆಗೆ ಬರೋರು ಅಂದ್ರೆ ಇವರೇ."

ಗ್ಲೈಕೋನ ಸಿಟ್ಟಾಗಲಿಲ್ಲ. "ನಿದ್ದೆ ಮಾಡ್ದೋನಿಗೆ ಈಗ ಅರ್ಥ ಹೇಳ್ಕೊಟ್ಟೋರ್ಯಾರಪ್ಪಾ? ಇದೂ ಕನಸೇ ಇರ್ಬೇಕು" ಎಂದ. ಉಂಡವರೆಲ್ಲ ನಕ್ಕರು. ಲಿಪಿಕಾರ ಪಕ್ಕದ ಸಾಲನ್ನು ಅಳಿಸಲಿಲ್ಲ. ಮೆಲಿಟೆ ನಗಲೂ ಇಲ್ಲ, ಬೈಯಲೂ ಇಲ್ಲ. ಜೋಸಿಮನ ತಟ್ಟೆಯನ್ನೂ ಸೇರಿಸಿ ತೊಳೆಯಲು ಒಯ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎಫೆಸಕ್ಕೆ ಮರಳಿದ ಜೋಸಿಮ ಹಿರಿಯರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಅವರು ಆ ಸಾಲನ್ನು ಮೊದಲಿನಿಂದ ವಿವರಿಸತೊಡಗಿದರು.

"ನನಗೆ ಹೇಳ್ಬೇಡಿ, ಅಯ್ಯಾ. ಪತ್ರದಲ್ಲೇ ಬರೆಸಿ. ಸ್ನಾನಗೃಹದ ಮೆಲಿಟೆ ಬರೋವರೆಗೂ ರೊಟ್ಟಿ ಮುರೀಬಾರ್ದು ಅಂತ ಹೆಸರು ಹಿಡಿದೇ ಬರೆಸಿ."

ಹಿರಿಯರು ತಮ್ಮ ಲಿಪಿಕಾರನನ್ನು ಕರೆಸಿ, ಜೋಸಿಮನಿಗೆ ಕೂರಲು ಮಣೆ ತೋರಿಸಿದರು. ಅವನು ಒಲ್ಲೆನೆಂದ. ಕೊನೆಯ ಅಕ್ಷರದ ಶಾಯಿ ಒಣಗುವವರೆಗೂ ನಿಂತೇ ಇದ್ದ. ಕೂತರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು.