ಐದು ಬಾಲಿನ ಓವರ್

ಅಮೆರಿಕದ ಫ್ರೀಮಾಂಟಿಗೆ ಬಂದ ನಾಲ್ಕನೆಯ ದಿನವೇ ನಾನು ಒಂದು ಮುಖವನ್ನು ನಂಬಿ ಕೆಟ್ಟೆ. ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಎಲ್ಲ ಮನೆಗಳಿಗೂ ಸೇರಿ ಒಂದು ಲಾಂಡ್ರಿ ಕೋಣೆ ಇದೆ. ಹೊರಗೆ ಹಪ್ಪಳ ಒಣಗಿಸುವಂಥ ಬಿಸಿಲಿದ್ದರೂ ಬಾಲ್ಕನಿಯಲ್ಲಿ ಬಟ್ಟೆ ಹಾಕಬಾರದು ಎಂಬುದು ಇಲ್ಲಿನ ಕಟ್ಟಳೆ. ಒಗೆದ ಬಟ್ಟೆಯನ್ನು ಇನ್ನೊಂದು ಯಂತ್ರಕ್ಕೆ ತುಂಬಿ, ಅದು ತಿರುಗುವುದನ್ನು ನೋಡುತ್ತ ಕೂಡಬೇಕು. ಹಾಗೆ ಕೂತಿದ್ದಾಗ ಎದುರಿನ ಬೆಂಚಿಗೆ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಕೈಯಲ್ಲಿ ಬಂಗಾರದ ಬಳೆ, ಎಣ್ಣೆ ಹಚ್ಚಿ ಬಿಗಿದ ತುರುಬು, ಧಾರವಾಡದ ಮಾಳಮಡ್ಡಿಯ ಯಾವುದೋ ಮನೆಯಿಂದ ಈಗಷ್ಟೇ ಎದ್ದು ಬಂದಂಥ ಮುಖ.

ನಾಲ್ಕು ದಿನದಿಂದ ಹೆಂಡತಿಯ ಹೊರತು ಯಾರ ಮುಂದೆಯೂ ಬಾಯಿ ಬಿಡದಿದ್ದ ನಾನು ತಡೆಯಲಾರದೆ, "ಯಾವೂರ್ರೀ ನಿಮ್ದು?" ಎಂದುಬಿಟ್ಟೆ. ಅವರು ನಕ್ಕರು. ನನ್ನ ಹರುಕು ಹಿಂದಿಯಲ್ಲಿ ಮತ್ತೊಮ್ಮೆ ಕೇಳಿದೆ. ಮತ್ತೆ ನಕ್ಕರು. ಆಮೇಲೆ ಹಾಡಿನಂತೆ ಏರಿಳಿಯುವ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನನಗೆ ತಿಳಿದದ್ದು ಎರಡೇ ಮಾತು: ಹೆಸರು ಸಾವಿತ್ರಿ, ಊರು ಗಯಾನಾ. ದಕ್ಷಿಣ ಅಮೆರಿಕದ ಅಂಚಿನಲ್ಲಿರುವ, ಕ್ರಿಕೆಟ್ಟಿನಲ್ಲಿ ಮಾತ್ರ ಕೆರಿಬಿಯನ್ ದ್ವೀಪಗಳ ಜೊತೆ ಕೂಡಿಕೊಂಡ ದೇಶ ಅದು. ಆಮೇಲೆ ತಿಳಿದಂತೆ, ಅವರ ಮುತ್ತಜ್ಜನನ್ನು ಬ್ರಿಟಿಷರು ಕಬ್ಬಿನ ತೋಟದ ಕೆಲಸಕ್ಕೆಂದು ಇಂಡಿಯಾದಿಂದ ಹಡಗಿನಲ್ಲಿ ಒಯ್ದಿದ್ದರು. ಇವರು ಇಂಡಿಯಾವನ್ನು ಕಂಡೇ ಇರಲಿಲ್ಲ. ಮುಖ ನಮ್ಮದು, ಹೆಸರು ನಮ್ಮದು, ಮಾತು ಮಾತ್ರ ಒಂದಕ್ಷರವೂ ನಮ್ಮದಲ್ಲ. ಮೇಲೆ ಬಂದು ಬಾಗಿಲು ಹಾಕಿಕೊಂಡು ಕೂತೆ.

ನನ್ನ ಕತೆ ಇಷ್ಟು. ಧಾರವಾಡದ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರ, ಅದು ಹೊಟ್ಟೆಪಾಡಿಗೆ. ನಿಜವಾಗಿ ನಾನು ಸ್ಕೋರರ್. ಹದಿನೆಂಟು ವರ್ಷ ಜಿಲ್ಲಾ ಲೀಗಿನ ಮ್ಯಾಚುಗಳಲ್ಲಿ ಶಾಮಿಯಾನದ ಕೆಳಗೆ ಕೂತು, ನಾಲ್ಕು ಬಣ್ಣದ ಪೆನ್ನಿನಲ್ಲಿ ಒಂದೊಂದು ಬಾಲನ್ನೂ ಬರೆದವನು. ಹೆಂಡತಿ ಶೈಲಾ ನರ್ಸು. ಅವಳಿಗೆ ಇಲ್ಲಿಗೆ ಹತ್ತಿರದ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ನಾನು ಒಂದು ವರ್ಷದ ರಜೆ ಬರೆದುಕೊಟ್ಟು ಹಿಂದೆ ಬಂದೆ. ಹೆಂಡತಿಯ ವೀಸಾದ ಬಾಲ ಹಿಡಿದು ಬಂದವನು ಇಲ್ಲಿ ಕೆಲಸ ಮಾಡುವಂತಿಲ್ಲ. ಅವಳು ಬೆಳಕು ಹರಿಯುವ ಮುಂಚೆ ರೈಲು ಹಿಡಿದರೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಗುಂಯ್ ಸದ್ದು. ಜೋಳದ ಹಿಟ್ಟಿಗೇನೂ ಕೊರತೆಯಿಲ್ಲ, ಇಂಡಿಯನ್ ಗ್ರೋಸರಿಯಲ್ಲಿ ಬೇಕಾದಷ್ಟಿದೆ. ಆದರೆ ರೊಟ್ಟಿ ಬಡಿದು ಹಂಚಿಗೆ ಹಾಕಿದರೆ ಚಾವಣಿಯ ಹೊಗೆ ಗಂಟೆ ಊರಿಗೇ ಕೇಳುವಂತೆ ಬಡಿದುಕೊಳ್ಳುತ್ತದೆ. ಒಂದು ಕೈಯಲ್ಲಿ ರೊಟ್ಟಿ ತಿರುವುತ್ತ ಇನ್ನೊಂದು ಕೈಯಲ್ಲಿ ಟವೆಲ್ ಬೀಸುವುದನ್ನು ಆ ಚಳಿಗಾಲದಲ್ಲಿ ಕಲಿತೆ.

ಶನಿವಾರ ಪಾರ್ಕಿನಲ್ಲಿ ನಮ್ಮವರು ಕ್ರಿಕೆಟ್ ಆಡುತ್ತಾರೆಂದು ತಿಳಿದು, ಪುಸ್ತಕ ಪೆನ್ನು ಹಿಡಿದು ಹುರುಪಿನಿಂದ ಹೋದೆ. ಹಾಸನದ ಕಡೆಯ ಎಂಜಿನಿಯರನೊಬ್ಬ ಬಹಳ ಮರ್ಯಾದೆಯಿಂದಲೇ ಹೇಳಿದ: "ಸರ್, ಸ್ಕೋರೆಲ್ಲಾ ಆ್ಯಪಲ್ಲೇ ಆಗೋಗತ್ತೆ. ನೀವು ಆರಾಮಾಗಿ ಕೂತ್ಕೊಂಡು ಮ್ಯಾಚು ನೋಡಿ." ನೋಡುವುದಕ್ಕೆ ನಾನು ಯಾವಾಗ ಹೋಗಿದ್ದೆ? ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಅಂದು ಸಂಜೆ ಶೈಲಾಗೆ ಹೇಳಿದೆ: "ರಜಾ ಮುಗಿಯೂದ್ರಾಗ ನಾ ಹೊಳ್ಳಿ ಹೋಗ್ತೀನಿ. ಬಸಣ್ಣ ನನ್ನ ಕುರ್ಚಿ ಖಾಲಿ ಇಟ್ಟಾನ." ಬಸಣ್ಣ ಎಂದರೆ ಆ ಹದಿನೆಂಟೂ ವರ್ಷ ನನ್ನ ಪಕ್ಕದಲ್ಲಿ ಕೂತ ಎರಡನೆಯ ಸ್ಕೋರರ್. ಅಕ್ಟೋಬರಿಗೆ ಟಿಕೆಟ್ಟು ತೆಗೆಸಿದೆವು, ಒಂದೇ ಟಿಕೆಟ್ಟು.

ಈ ನಡುವೆ ಲಾಂಡ್ರಿ ಕೋಣೆಯ ಸಾವಿತ್ರಿ ಆಂಟಿ ಪರಿಚಯವಾಗಿದ್ದರು. ಪಕ್ಕದ ಬ್ಲಾಕಿನಲ್ಲಿ ಮಗನ ಮನೆ. ಮೊಮ್ಮಗಳು ಅವರನ್ನು "ಆಜಿ" ಎನ್ನುತ್ತಾಳೆ. ಆ ಒಂದು ಕೂಗು ಕಿವಿಗೆ ಬಿದ್ದಾಗಲೆಲ್ಲ ನನಗೆ ಮನೆಯ ನೆನಪು. ಕೆಲಸವಿಲ್ಲದೆ ಕೂತು ಹರಟುವುದಕ್ಕೆ ಅವರಲ್ಲಿ "ಲೈಮ್" ಎನ್ನುತ್ತಾರೆ. ನಾವು ಕಟ್ಟೆಯ ಮೇಲೆ ಮಾಡುವುದನ್ನು ಅವರು ಬಟ್ಟೆ ಯಂತ್ರದ ಮುಂದೆ ಮಾಡುತ್ತಿದ್ದರು, ಅಷ್ಟೇ. ಅವರ ಇಂಗ್ಲಿಷನ್ನು ನಾನು ಮನಸ್ಸಿನಲ್ಲೇ ಧಾರವಾಡದ ಕನ್ನಡಕ್ಕೆ ತಿರುಗಿಸಿಕೊಂಡು ಕೇಳುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನಾನು ಸ್ಕೋರರ್ ಎಂದು ತಿಳಿದ ಮೇಲೆ, ಆಗಸ್ಟಿನ ಒಂದು ಮಧ್ಯಾಹ್ನ, ಅವರು ಕೈಚೀಲ ಹಿಡಿದು ನಮ್ಮ ಮನೆಗೆ ಬಂದರು. ಒಳಗೆ ಹತ್ತು ಹನ್ನೆರಡು ಸ್ಕೋರು ಪುಸ್ತಕ. ಎಲ್ಲ ಅವರ ಯಜಮಾನರು ಲಾಲ್ ಬರೆದದ್ದು. ಕೆರಿಬಿಯನ್ ದೇಶಗಳ ನಡುವಿನ ಟಿ-ಟ್ವೆಂಟಿ ಲೀಗು ಶುರುವಾದ ವರ್ಷದಿಂದ ತಮ್ಮೂರ ತಂಡದ ಪ್ರತಿ ಮ್ಯಾಚನ್ನೂ ಆ ಮನುಷ್ಯ ಟೀವಿಯ ಮುಂದೆ ಕೂತು ಬರೆದಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

"ಐದು ಫೈನಲ್ಲು ಅದಾವ ಇದ್ರಾಗ," ಎಂದರು ಆಂಟಿ. "ಐದೂ ಸೋತೇವಿ ತಮ್ಮಾ."

ಪುಟ ತಿರುವಿ ಒಂದೊಂದನ್ನೇ ತೋರಿಸಿದರು. ಮೊದಲ ವರ್ಷವೇ ಫೈನಲ್, ಸೋಲು. ಮರುವರ್ಷ ಮತ್ತೆ ಫೈನಲ್. ಮಳೆ ಬಂದು ಲೆಕ್ಕಾಚಾರದಲ್ಲಿ ಸೋಲು. ಒಂದು ವರ್ಷ ಬಿಟ್ಟು ಇನ್ನೊಂದು, ಮತ್ತೊಂದು ವರ್ಷ ಬಿಟ್ಟು ನಾಲ್ಕನೆಯದು. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು: ಆ ವರ್ಷ ಒಂದು ಮ್ಯಾಚನ್ನೂ ಸೋಲದೆ ಫೈನಲ್ಲಿಗೆ ಬಂದು, ಅದೊಂದನ್ನೇ ಸೋತಿದ್ದರು. ಬೆಂಗಳೂರಿನ ತಂಡಕ್ಕಾಗಿ ವರ್ಷ ವರ್ಷವೂ ಎದೆ ಸುಟ್ಟುಕೊಂಡ ನಮ್ಮಂಥವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಪುಟದ ಅಕ್ಷರ ಕೊನೆಯವರೆಗೂ ಒಂದಿಷ್ಟೂ ಅಲುಗಿರಲಿಲ್ಲ. ಎಂಥ ಕೈ ಎಂದುಕೊಂಡೆ.

ಲಾಲ್ ಅವರ ಕೊನೆಯ ಪುಸ್ತಕದ ಖಾಲಿ ಪುಟ ತೆರೆದು, "ಈ ವರ್ಷದ್ದು ನೀ ಬರದು ಕೊಡು," ಎಂದರು.

ನನ್ನದು ಹಟದ ಸ್ವಭಾವ. "ಒಬ್ಬನ ಬರದ್ರ ಅದು ಸ್ಕೋರಲ್ಲ ಆಂಟಿ," ಎಂದೆ. ಸ್ಕೋರಿಗೆ ಯಾವಾಗಲೂ ಇಬ್ಬರು, ತಂಡಕ್ಕೊಬ್ಬರು. ಓವರ್ ಮುಗಿದ ಕೂಡಲೇ ಒಬ್ಬರು ತಮ್ಮ ಮೊತ್ತ ಕೂಗಬೇಕು, ಇನ್ನೊಬ್ಬರು ತಮ್ಮ ಪುಸ್ತಕ ನೋಡಿ ಸರಿ ಎನ್ನಬೇಕು. ಬಸಣ್ಣ "ಬರೋಬ್ಬರಿ" ಎನ್ನದೆ ನಾನು ಮುಂದಿನ ಓವರಿನ ಮೊದಲ ಚುಕ್ಕೆ ಇಟ್ಟವನಲ್ಲ.

ಆಂಟಿ ಚೀಲದ ತಳದಿಂದ ಇನ್ನೊಂದು ಕಟ್ಟು ತೆಗೆದರು. ಎದುರಾಳಿ ತಂಡದ ಪರವಾಗಿ ಬರೆದ ಪುಸ್ತಕಗಳು. ಅವು ಅವರದೇ ಕೈಬರಹ. ಅಷ್ಟೂ ವರ್ಷ ಗಂಡನ ಪಕ್ಕದಲ್ಲಿ ಎರಡನೆಯ ಸ್ಕೋರರ್ ಆಗಿ ಕೂತವರು ಅವರೇ! ಗಂಡ ಹೋದ ಮೇಲೆ ಪೆನ್ನು ಮುಟ್ಟಿರಲಿಲ್ಲ. "ಮತ್ತ ಬರಿಯಾಕ ನನಗ ಧೈರ್ಯ ಇಲ್ಲ," ಎಂದರು. ನನಗೂ ಒಬ್ಬನೇ ಬರೆಯುವ ಧೈರ್ಯ ಇಲ್ಲ ಎಂದೆ. ಇಬ್ಬರೂ ಚಹಾ ಕುಡಿದೆವು. ಆಮೇಲೆ ಅವರು ನನ್ನ ಕೆಂಪು ಪೆನ್ನಿನ ಕ್ಯಾಪು ತೆಗೆದರು.

ಗಯಾನಾದ ಸಂಜೆಯ ಮ್ಯಾಚು ನಮಗೆ ಮಧ್ಯಾಹ್ನ ನಾಲ್ಕಕ್ಕೆ. ಊಟದ ಮೇಜೇ ನಮ್ಮ ಶಾಮಿಯಾನ. ಅಂಪೈರ್ ಬೌಂಡರಿಗೆ ಕೈ ಬೀಸಿದರೆ, ಕಂಡೆವು ಎನ್ನಲು ಸ್ಕೋರರ್ ಕೈ ಎತ್ತಿ ತೋರಿಸಬೇಕು, ಅದು ಪದ್ಧತಿ. ಸಾವಿರಾರು ಮೈಲಿ ದೂರದ ಅಂಪೈರಿಗೆ ಆಂಟಿ ಟೀವಿಯ ಮುಂದೆ ಕೈ ಎತ್ತಿದರು. ನನ್ನ ಕೈಯೂ ತಾನಾಗಿ ಮೇಲೆದ್ದಿತ್ತು. ಕೆಲಸದಿಂದ ಬಂದ ಶೈಲಾ ಬಾಗಿಲಲ್ಲೇ ನಿಂತು, "ಯಾರಿಗ್ರೀ ಇಬ್ರೂ ಟಾಟಾ ಮಾಡಾಕತ್ತೀರಿ?" ಎಂದು ನಕ್ಕಳು. ಓವರ್ ಮುಗಿದಾಗ ನಾನು ಮೊತ್ತ ಹೇಳಿದರೆ ಆಂಟಿ "ಸೇಮ್" ಎನ್ನುತ್ತಿದ್ದರು. ಲಾಲ್‌ಗೆ ಹೇಳುತ್ತಿದ್ದ ಮಾತು ಅದು. ಮೊದಮೊದಲು ನನ್ನ ಕಿವಿಗೆ ಒಗ್ಗಲಿಲ್ಲ, ಬಸಣ್ಣನ ಗಡಸು ದನಿಯೇ ಬೇಕೆನಿಸುತ್ತಿತ್ತು.

ಆ ವರ್ಷ ಗಯಾನಾ ಮತ್ತೆ ಫೈನಲ್ಲಿಗೆ ಬಂತು. ಅದೂ ತಮ್ಮೂರ ಮೈದಾನದಲ್ಲೇ. ಭಾನುವಾರ ಆಂಟಿ ಬಂದು ಪುಸ್ತಕ ಬಿಚ್ಚಿದರು. "ಆರನೇ ಸೋಲೂ ಬರೀಬೇಕಾದ್ರ ನಾ ನಡುವ ಎದ್ದು ಹೋಗ್ತೀನಿ, ಬ್ಯಾಸರ ಮಾಡ್ಕೋಬ್ಯಾಡ," ಎಂದರು. ನನ್ನ ಸೂಟ್‌ಕೇಸು ಅಷ್ಟರಲ್ಲಿ ಅಟ್ಟದಿಂದ ಇಳಿದು ಹಾಲಿನ ಮೂಲೆಯಲ್ಲಿ ನಿಂತಿತ್ತು.

ಗಯಾನಾ ಮೊದಲು ಬೌಲಿಂಗ್ ಮಾಡಿತು. ಎದುರಾಳಿ ಟ್ರಿನಿಡಾಡಿನವರ ವಿಕೆಟ್ಟುಗಳು ಬೀಳತೊಡಗಿದವು. ಒಂದಾಯಿತು, ಎರಡಾಯಿತು. ಸ್ಕೋರರ್‌ಗೆ ಪಕ್ಷ ಇರಬಾರದು; ಸ್ವಂತ ಹೈಸ್ಕೂಲಿನ ಹುಡುಗರು ಆಡುವಾಗಲೂ ನಾನು ಚಪ್ಪಾಳೆ ತಟ್ಟಿದವನಲ್ಲ. ಆದರೆ ಅಂದು ಇನ್ನೊಂದು ಸ್ಟಂಪು ಹಾರಿದಾಗ ನನಗೇನಾಯಿತೋ, ಕುರ್ಚಿ ಒದ್ದು ಬಾಲ್ಕನಿಗೆ ಓಡಿದೆ. ಕೆಳಗೆ ಬೆಳಗಿನ ಪಾಳಿ ಮುಗಿಸಿ ಶೈಲಾ ಬರುತ್ತಿದ್ದಳು.

"ಬಿತ್ತು! ಶೈಲಾ, ಮತ್ತೊಂದು ಬಿತ್ತು!" ಎಂದು ಕೂಗಿದೆ.

"ಏನ್ ಬಿತ್ರೀ? ಯಾರಿಗೆ ಪೆಟ್ಟಾತು?" ಎಂದು ಅವಳು ಬ್ಯಾಗು ಹಿಡಿದು ಓಡಿಬಂದಳು. ವಿಷಯ ತಿಳಿಸಿ, ಬಟ್ಟೆ ಒಣಹಾಕಬಾರದ ಆ ಬಾಲ್ಕನಿಯಲ್ಲಿ ಟವೆಲ್ ಬೀಸಿ ಒಳಗೆ ಬಂದು ಕೂತೆ. ಓವರ್ ಮುಗಿಯಿತು. ಮೊತ್ತ ಹೇಳಿದೆ.

ಆಂಟಿ ಸೇಮ್ ಎನ್ನಲಿಲ್ಲ.

"ಒಂದು ರನ್ ಕಡಿಮಿ ಐತಿ. ನಿನ್ನ ಓವರಿನ್ಯಾಗ ಐದ ಬಾಲ್ ಅದಾವ ತಮ್ಮಾ."

ಎಣಿಸಿದೆ. ಐದೇ. ನಾನು ಬಾಲ್ಕನಿಯಲ್ಲಿ ಕುಣಿಯುವಾಗ ಹೊಸ ಬ್ಯಾಟ್ಸ್‌ಮನ್ ಬಂದು ಒಂದು ರನ್ ಓಡಿದ್ದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಒಂದು ಬಾಲು ತಪ್ಪಿಸಿಕೊಂಡಿದ್ದೆ, ಅದೂ ಸತ್ತವರ ಪುಸ್ತಕದ ಸಾಲಿನಲ್ಲಿ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನೋಡಿದರೆ ಆಂಟಿ ನಗುತ್ತಿದ್ದರು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

"ಲಾಲ್ ಐದು ಫೈನಲ್ಲಿನ್ಯಾಗ ಒಂದು ಬಾಲೂ ತಪ್ಪಲಿಲ್ಲ," ಎಂದರು. "ತಪ್ಪುವಷ್ಟು ಖುಷಿ ಅವರಿಗೆ ಸಿಗಲೇ ಇಲ್ಲ."

ಬಿಟ್ಟುಹೋದ ಬಾಲನ್ನು ಅವರ ಪುಸ್ತಕ ನೋಡಿ ನನ್ನದರಲ್ಲಿ ತುಂಬಿದೆ. ಶೈಲಾ ಯೂನಿಫಾರ್ಮಿನಲ್ಲೇ ಬಂದು ನನ್ನ ಹಿಂದೆ ನಿಂತಿದ್ದಳು. "ನಿಮ್ಮನ್ನ ಹಿಂಗ ನೋಡಿ ಹತ್ತ ತಿಂಗಳಾತ್ರೀ," ಎಂದಳು, ಅಷ್ಟೇ. ಸೂಟ್‌ಕೇಸಿನ ಕಡೆ ಅವಳು ನೋಡಲಿಲ್ಲ, ನಾನು ನೋಡಿದೆ.

ಎದುರಾಳಿ ನೂರು ದಾಟಲಿಲ್ಲ. ಗಯಾನಾ ಆರಾಮವಾಗಿ ಗೆದ್ದಿತು. ಫಲಿತಾಂಶದ ಸಾಲು ಬರೆಯಲು ಲಾಲ್ ಅವರ ಪುಸ್ತಕವನ್ನು ಆಂಟಿಯ ಮುಂದೆ ಸರಿಸಿದೆ. ಅವರು ಬಹಳ ನಿಧಾನವಾಗಿ ತಮ್ಮ ತಂಡದ ಹೆಸರು ಬರೆದರು. ಕೆಳಗೆ ಇಬ್ಬರೂ ಸ್ಕೋರರ್‌ಗಳ ಸಹಿಗೆ ಜಾಗವಿತ್ತು. ನಾನು ಕನ್ನಡದಲ್ಲಿ ಸಹಿ ಹಾಕಿದೆ. ಮರುದಿನ ಆಂಟಿ ಹಬ್ಬದಡುಗೆಯಾದ "ಸೆವೆನ್ ಕರಿ" ಮಾಡಿ ತಂದರು. ಏಳು ಬಗೆಯ ಪಲ್ಯ, ಅನ್ನದ ಸುತ್ತ. ಅವರಲ್ಲಿ ಅದನ್ನು ಬಡಿಸುವುದು ಕೆರೆಯ ತಾವರೆಯ ಎಲೆಯ ಮೇಲಂತೆ. ಶೈಲಾ ಗ್ರೋಸರಿಯಿಂದ ಬಾಳೆ ಎಲೆ ತಂದಳು. ಎಲೆಯ ತುದಿ ಎಡಕ್ಕಿರಬೇಕೆಂದು ಅವರಿಗೆ ನಾನು ತೋರಿಸಿಕೊಟ್ಟೆ.

ಬಸಣ್ಣನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. "ಒಂದು ಬಾಲು ಹೋತಲೇ ಬಸ್ಯಾ."

"ಯಾ ಟೀಮಿನ ಸಲುವಾಗಿ?" ಎಂದ. ಹೇಳಿದೆ. ಆಮೇಲೆ ಅವನೇ, "ಹಂಗಾದ್ರ ನೀ ಬರಂಗಿಲ್ಲ ಬಿಡು," ಎಂದ. ನನಗೆ ಹೇಳಲು ಬಾಯಿ ಬರದಿದ್ದ ಮಾತನ್ನು ಅವನೇ ಹೇಳಿ ಫೋನಿಟ್ಟ. ಅಕ್ಟೋಬರಿನ ಟಿಕೆಟ್ಟು ರದ್ದು ಮಾಡಿಸಿದೆವು.

ಈಗ ಶನಿವಾರ ಪಾರ್ಕಿನಲ್ಲಿ ಆ್ಯಪಿನ ಪಕ್ಕದಲ್ಲಿ ನನ್ನ ಪುಸ್ತಕವೂ ಇರುತ್ತದೆ. ಒಮ್ಮೆ ನಡುವೆಯೇ ಹಾಸನದವನ ಫೋನು ಸತ್ತುಹೋಗಿ, "ಸರ್, ಎಷ್ಟಾಗಿತ್ತು?" ಎಂದು ಅವನು ಓಡಿಬಂದದ್ದನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳದೆ ಬಿಟ್ಟಿಲ್ಲ. ಗಯಾನಾ ಮರುವರ್ಷವೂ ಫೈನಲ್ಲಿಗೆ ಬಂದು ಸೋತಿತು. ಆಂಟಿ ಎದ್ದು ಹೋಗಲಿಲ್ಲ, ಪೂರ್ತಿ ಬರೆದರು.

ಹೋದ ಚಳಿಗಾಲದಲ್ಲಿ ಮೂರು ವಾರ ಧಾರವಾಡಕ್ಕೆ ಹೋಗಿದ್ದೆ. ಮೊದಲ ಬೆಳಿಗ್ಗೆಯೇ ಮೈದಾನಕ್ಕೆ ಓಡಿದೆ. ಅದೇ ಶಾಮಿಯಾನ, ಅದೇ ಅಲುಗಾಡುವ ಮೇಜು. ನನ್ನ ಕುರ್ಚಿಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ನಾಲ್ಕು ಬಣ್ಣದ ಪೆನ್ನು ಹರಡಿಕೊಂಡು ಕೂತಿದ್ದಳು. ಬಸಣ್ಣ ನನಗೆ ಹಿಂದೆ ಒಂದು ಸ್ಟೂಲು ಹಾಕಿಸಿದ. ಅವಳ ಸಾಲುಗಳನ್ನು ಇಣುಕಿ ನೋಡಿದೆ. ಅಚ್ಚುಕಟ್ಟಾಗಿದ್ದವು, ಹೊಟ್ಟೆಕಿಚ್ಚೂ ಆಯಿತು, ಸಮಾಧಾನವೂ ಆಯಿತು. ಓವರ್ ಮುಗಿಯಿತು. ಹುಡುಗಿ ಮೊತ್ತ ಕೂಗಿದಳು. ಎಷ್ಟೋ ದಿನದಿಂದ ಕೇಳಲು ಕಾದಿದ್ದ ಆ ಗಡಸು ದನಿಯಲ್ಲಿ ಬಸಣ್ಣ "ಬರೋಬ್ಬರಿ" ಎಂದ.

ಅವನ ಜೊತೆಗೇ, ನನಗೆ ತಿಳಿಯದಂತೆ, ನಾನು "ಸೇಮ್" ಎಂದಿದ್ದೆ.

ಬಸಣ್ಣ ಹಿಂತಿರುಗಿ ನೋಡಿದ. "ಏನಂದಿ?"

"ಏನಿಲ್ಲ, ನೀ ಬರಿ," ಎಂದೆ. ಮುಂದಿನ ಓವರಿನ ಮೊದಲ ಬಾಲೇ ಗೆರೆ ದಾಟಿತು, ಅಂಪೈರ್ ಬೌಂಡರಿಗೆ ಕೈ ಬೀಸಿದ. ಮೇಜಿನವರಿಬ್ಬರ ಜೊತೆ ಹಿಂದಿನ ಸ್ಟೂಲಿನಲ್ಲಿ ನಾನೂ ಕೈ ಎತ್ತಿದೆ.